ಇಸ್ಕ್ರಾಳ ಮೊಣಕಾಲು

ನಗುವುದಾದರೆ ನಗು, ನನ್ನದೇನೂ ಅಡ್ಡಿಯಿಲ್ಲ. ಒಬ್ಬ ಹೆಂಗಸಿನ ಬಲ ಮೊಣಕಾಲಿಗೆ ಮೂರಂತಸ್ತಿನ ಕಟ್ಟಡ ಅಲ್ಲಾಡಿತು ಎಂದರೆ ಯಾರು ನಂಬುತ್ತಾರೆ ಎಂದು ತಾನೇ ನಿನ್ನ ಮಾತು? ಮೂರಂತಸ್ತು ಬೇಡ, ಎರಡು ಎಂದಿಟ್ಟುಕೋ. ಎರಡೂ ಜಾಸ್ತಿಯಾಯಿತೇ? ಸರಿ, ಎರಡನೆಯ ಮಹಡಿಯ ಒಂದು ಕೋಣೆ, ಆ ಕೋಣೆಯ ಒಂದು ಮೇಜು, ಆ ಮೇಜಿನ ಮೇಲೆ ಕೂದಲಿಗಿಂತ ಸಣ್ಣ ತುದಿಯ ಒಂದು ಗಾಜಿನ ಕೊಳವೆ. ಅದು ಅಲ್ಲಾಡಿತು. ಇದಕ್ಕಿಂತ ಕೆಳಗೆ ನಾನು ಇಳಿಯುವುದಿಲ್ಲ. ಅಷ್ಟು ಅಲ್ಲಾಡಿದ್ದಕ್ಕೇ ಇಸ್ಕ್ರಾ ಬೆಲ್ಚೆವಾ ಎಂಬ ಮೂವತ್ತೊಂಬತ್ತು ವರ್ಷದ ಹೆಂಗಸಿನ ಡಾಕ್ಟರೇಟು ಎರಡು ಸಲ ಕೈತಪ್ಪಿ, ಮೂರನೆಯ ಸಲಕ್ಕೆ ಬಂದು ನಿಂತಿತ್ತು.

ಆ ಮೊಣಕಾಲು ಹುಟ್ಟಿದಾಗಿನಿಂದ ಹಾಗೇ. ಹಳ್ಳಿಯಲ್ಲಿ ಕಾವು ಕೂತ ಕೋಳಿಯ ಹತ್ತಿರ ಅವಳನ್ನು ಅವಳಜ್ಜಿ ಬಿಡುತ್ತಿರಲಿಲ್ಲವಂತೆ. ಇವಳು ಪಕ್ಕದಲ್ಲಿ ಕೂತರೆ ಮೊಟ್ಟೆಯೊಳಗಿನ ಮರಿಗೆ ತಲೆ ಸುತ್ತುತ್ತದೆ ಎಂದು. ಸಿನಿಮಾಕ್ಕೆ ಹೋದರೆ ಆ ಸಾಲಿನವರೆಲ್ಲ ಎದ್ದು ಬೇರೆ ಸಾಲಿಗೆ ಹೋಗುತ್ತಿದ್ದರು. ಗಂಡ ಸ್ತಾಮೆನ್ ಪ್ಲೋವ್ದಿವ್ ಊರಿನಲ್ಲಿ ಬಸ್ಸು ಓಡಿಸುತ್ತಾನೆ. "ನೀನು ಹಿಂದಿನ ಸೀಟಲ್ಲಿ ಕೂತಿದ್ರೆ ಏರುದಾರೀಲೂ ಎಂಜಿನ್ ಬೇಡ ಕಣೇ" ಎನ್ನುತ್ತಿದ್ದ.

ಇಂಥವಳು ಹದಿನಾಲ್ಕು ವರ್ಷ ಮಾಡಿದ ಕೆಲಸ ಏನು ಗೊತ್ತೇ? ಆಸ್ಪತ್ರೆಯಲ್ಲಿ ಜನರ ತಲೆಗೆ ಅಂಟು ಹಚ್ಚಿ, ಇಪ್ಪತ್ತೊಂದು ತಂತಿ ಸಿಕ್ಕಿಸಿ, "ಅಲ್ಲಾಡ್ಬೇಡಿ, ಸುಮ್ನೆ ಮಲ್ಕೊಳ್ಳಿ" ಎನ್ನುವುದು. ಅವರು ಕಲ್ಲಿನಂತೆ ಮಲಗುತ್ತಿದ್ದರು, ಇವಳು ಪಕ್ಕದ ಕುರ್ಚಿಯಲ್ಲಿ ಮೊಣಕಾಲು ಕುಣಿಸುತ್ತ ಕೂರುತ್ತಿದ್ದಳು. ಕಾಗದದ ಮೇಲೆ ಮಿದುಳಿನ ಅಲೆಗಳು ಗೆರೆಗೆರೆಯಾಗಿ ಬರುತ್ತಿದ್ದವು. ಕೋಟಿ ಕೋಟಿ ನರಕೋಶಗಳು ಒಟ್ಟಿಗೆ ಕೂಗಿದ ಸದ್ದು ಅದು, ಸಂತೆಯ ಗದ್ದಲವನ್ನು ಗುಡ್ಡದ ಮೇಲಿಂದ ಕೇಳಿದ ಹಾಗೆ. ಆ ಗದ್ದಲದೊಳಗೆ ಒಂದೇ ಒಂದು ಕೋಶ ಏನು ಹೇಳುತ್ತದೆ, ಅದನ್ನು ಕೇಳಬೇಕು ಎಂಬ ಹುಚ್ಚು ಅವಳಿಗೆ ಹತ್ತಿತು. ಕೆಲಸ ಮಾಡುತ್ತಲೇ ಅಂಚೆ ಪಾಠದಲ್ಲಿ ಜೀವವಿಜ್ಞಾನದ ಪದವಿ ಮುಗಿಸಿದಳು. ಮೂವತ್ತಾರಕ್ಕೆ ಆಸ್ಪತ್ರೆಯ ಕುರ್ಚಿ ಬಿಟ್ಟು, ಗುಡ್ಡದ ಬುಡದ ನರವಿಜ್ಞಾನ ಸಂಸ್ಥೆಯಲ್ಲಿ ಡಾಕ್ಟರೇಟಿಗೆ ಹೆಸರು ಹಚ್ಚಿದಳು.

ಅಲ್ಲಿ ಕೈಗೆ ಕೊಟ್ಟರು ಒಂದು ಪಟ್ಟಿ. ಪ್ರಬಂಧ ಬರೆಯುವ ಮೊದಲು ಮುಗಿಸಲೇಬೇಕಾದ ಹನ್ನೆರಡು ಪಾಠ. ಪಟ್ಟಿ ಅಡುಗೆಮನೆಯ ಫ್ರಿಜ್ಜಿನ ಬಾಗಿಲಿಗೆ ಹೋಯಿತು, ಪಕ್ಕದಲ್ಲಿ ದಾರ ಕಟ್ಟಿದ ಒಂದು ಕೆಂಪು ಪೆನ್ಸಿಲ್. ಮಿದುಳಿನ ರಚನೆಯ ಪಾಠಕ್ಕೆ ಅವಳು ಹೂಕೋಸಿನ ಮೇಲೆ ಹೆಸರು ಬರೆದು ಬರೆದು ಕಲಿತಳು. ಸ್ತಾಮೆನ್ ಆರು ತಿಂಗಳು ಪ್ರತಿ ರಾತ್ರಿ ಊಟಕ್ಕೆ ಮಿದುಳಿನ ಒಂದೊಂದು ಭಾಗ ತಿಂದ. ಕಿರುಮೆದುಳೇ ರುಚಿ ಎಂದು ಈಗಲೂ ಹೇಳುತ್ತಾನೆ. ಸಂಖ್ಯಾಶಾಸ್ತ್ರದ ಪಾಠದಲ್ಲಿ ಬಸ್ಸು ತಡವಾಗಿ ಬರುವ ಲೆಕ್ಕ ಹಾಕಿ, ಗಂಡನ ಡಿಪೋದವರಿಗೇ ಕೋಪ ಬರಿಸಿದಳು. ಪ್ರಾಣಿಗಳನ್ನು ಹಿಡಿಯುವ ಪಾಠ, ನೀತಿಯ ಪಾಠ, ಇಂಗ್ಲಿಷ್, ಲೇಖನ ಬರೆಯುವುದು, ಔಷಧಗಳದ್ದು, ಗಣಕದ್ದು. ನರದ ಸಂಕೇತಗಳ ಸಿದ್ಧಾಂತಕ್ಕೆ ಮೇಜಿನ ಮೇಲೆ ಮಗುಚಿಟ್ಟ ಚೀಟಿಗಳಲ್ಲಿ ಒಂದನ್ನು ಎತ್ತಿ ಉತ್ತರ ಹೇಳಬೇಕಿತ್ತು. ಎತ್ತಿದಳು. ಓದದೇ ಬಿಟ್ಟಿದ್ದ ಒಂದೇ ಒಂದು ವಿಷಯ ಬಂತು. ಹದಿನಾಲ್ಕು ವರ್ಷ ಕಂಡ ರೋಗಿಗಳ ಕತೆಯನ್ನೇ ಸಿದ್ಧಾಂತ ಮಾಡಿ ಮುಕ್ಕಾಲು ಗಂಟೆ ಮಾತಾಡಿದಳು, ಪಾಸಾದಳು. ಹೀಗೆ ಹನ್ನೊಂದು ಕೆಂಪು ಗೆರೆ ಬಿದ್ದವು.

ಹನ್ನೆರಡನೆಯದೇ ಕುತ್ತು. ಇಲಿಯ ಮಿದುಳಿನ ತೆಳುವಾದ ಒಂದು ಹೋಳಿನಲ್ಲಿ, ಬದುಕಿರುವ ಒಂದು ಕೋಶಕ್ಕೆ ಗಾಜಿನ ಕೊಳವೆಯ ತುದಿ ಅಂಟಿಸಿ, ಅದು ಮಿಡಿಯುವುದನ್ನು ಪರೀಕ್ಷಕರ ಮುಂದೆ ಹತ್ತು ನಿಮಿಷ ಬಿಡದೆ ಹಿಡಿಯಬೇಕು. ಅಷ್ಟೆ. ಅವಳ ಕೈ ಚಿನ್ನದಂಥ ಕೈ. ಕೊಳವೆಯನ್ನು ಕೋಶಕ್ಕೆ ತಾಗಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಆದರೆ ಕೆಳಗೆ ಮೊಣಕಾಲು. ಮೇಜಿಗೆ ಅದುರು ತಾಗದಿರಲೆಂದು ಒಂದು ದೊಡ್ಡ ಅಮೃತಶಿಲೆಯ ಹಲಗೆಯನ್ನು ಟೆನಿಸ್ ಚೆಂಡುಗಳ ಮೇಲೆ ಕೂರಿಸಿದ್ದರು. ಬೀದಿಯ ಲಾರಿಗೆ ಜಗ್ಗದ ಆ ಕಲ್ಲು ಇಸ್ಕ್ರಾಳ ಮೊಣಕಾಲಿಗೆ ಜಗ್ಗಿತು. ಮೊದಲ ಸಲ ಕೋಶ ಒಂದು ನಿಮಿಷ ನಲವತ್ತು ಸೆಕೆಂಡಿಗೆ ಸತ್ತಿತು. ಎರಡನೆಯ ಸಲ ಮೂರು ನಿಮಿಷಕ್ಕೆ.

"ಮೇಡಂ ಬೆಲ್ಚೆವಾ, ಕೋಶ ನಿಮ್ಮನ್ನ ಕಂಡು ಸಾಯ್ತಿಲ್ಲ, ನಿಮ್ಮ ಕಾಲಿಗೆ ಸಾಯ್ತಿದೆ" ಎಂದರು ಪ್ರೊಫೆಸರ್ ಕಲ್ಪಾಕ್ಚೀವ್. ಸಂಸ್ಥೆಗೆ ದೊಡ್ಡವರು, ಕೆಟ್ಟವರಲ್ಲ, ಬಾಯಿ ಮಾತ್ರ ಹಾಗೆ.

ಅವಳು ಮಾಡದ ಉಪಾಯವಿಲ್ಲ. ಗಂಡನ ಬೆಲ್ಟಿನಿಂದ ಕಾಲನ್ನು ಕುರ್ಚಿಗೆ ಬಿಗಿದಳು. ಕುರ್ಚಿಯೇ ಕೋಣೆ ತುಂಬ ಕುಣಿದಾಡಿತು. ತೊಡೆಯ ಮೇಲೆ ಮರಳಿನ ಚೀಲ ಇಟ್ಟಳು; ಚೀಲ ಹರಿದು ಮರಳೆಲ್ಲ ಕೆಳಗಿನ ಮಹಡಿಗೆ ಸುರಿಯಿತು. ಹಾಗೆ ನೋಡಬೇಡ, ಹಲಗೆಯ ನೆಲ, ಸಂದು ಬಿಟ್ಟಿತ್ತು.

ಮೂರನೆಯದು ಕೊನೆಯ ಅವಕಾಶ. ದಿನ ಡಿಸೆಂಬರ್ ಇಪ್ಪತ್ತು. ಅವತ್ತು ಮಧ್ಯಾಹ್ನದೊಳಗೆ ಹನ್ನೆರಡನೆಯ ಪಾಠದ ಮುಂದೆ ಸಹಿ ಬೀಳದಿದ್ದರೆ ಮೂರು ವರ್ಷದ ಅವಧಿ ಮುಗಿದು, ಹೆಸರು ಪುಸ್ತಕದಿಂದ ತೆಗೆದುಬಿಡುತ್ತಾರೆ. ಪುಸ್ತಕ ಇರುವುದು ರುಸಾಲಿನಾ ಚಿಕ್ಕಮ್ಮನ ಕೈಯಲ್ಲಿ. ಅವಳು ಸಂಸ್ಥೆಯ ಕಾರ್ಯದರ್ಶಿ, ಅಲ್ಲಿನವರಿಗೆಲ್ಲ ಚಿಕ್ಕಮ್ಮ. ಬಾಗಿಲ ಪಕ್ಕದ ಎರಡು ಕೋಣೆಯಲ್ಲೇ ವಾಸ, ಹಾಗಾಗಿ ಆ ಕಟ್ಟಡವೇ ಅವಳ ಮನೆ, ಯಜಮಾನಿಯೂ ಅವಳೇ.

ಈಗ ಕೇಳು, ಡಿಸೆಂಬರ್ ಇಪ್ಪತ್ತು ಎಂದರೆ ಸಂತ ಇಗ್ನಾತನ ಹಬ್ಬ. ಆ ದಿನ ಹೊರಗಿನಿಂದ ಮನೆಗೆ ಮೊದಲು ಕಾಲಿಟ್ಟವನೇ ಪೊಲಾಜ್ನಿಕ್. ಇಡೀ ವರ್ಷ ಮನೆ ಬೆಳಗುವುದೂ ಕೆಡುವುದೂ ಅವನ ಕಾಲ್ಗುಣ. ಅವನು ಒಲೆ ಕೆದಕಿ ಹರಸಬೇಕು, ಆಮೇಲೆ ಮಣೆಯ ಮೇಲೆ ಅಲುಗದೆ ಕೂರಬೇಕು, ಕೋಳಿಗಳು ಹಾಗೆಯೇ ಕಾವಿಗೆ ಕೂರಲಿ ಎಂದು. ಮೂರು ವರ್ಷದ ಹಿಂದೆ ಇದೇ ದಿನ ಬೆಳಿಗ್ಗೆ, ಹಬ್ಬದ ನೆನಪಿಲ್ಲದೆ, ಅರ್ಜಿ ಹಿಡಿದುಕೊಂಡು ಮೊದಲು ಒಳಗೆ ಬಂದವಳು ಇಸ್ಕ್ರಾ. ಆ ವರ್ಷ ನೀರು ಕಾಯಿಸುವ ಹಂಡೆ ಸಿಡಿಯಿತು, ನಲವತ್ತು ಹೆಣ್ಣಿಲಿಗಳಲ್ಲಿ ಒಂದೂ ಮರಿ ಹಾಕಲಿಲ್ಲ, ಪ್ರೊಫೆಸರರು ಸಮತಟ್ಟಾದ ನೆಲದ ಮೇಲೆ ಜಾರಿ ಎಡಗಾಲು ಮುರಿದುಕೊಂಡರು. ರುಸಾಲಿನಾ ಒಂದನ್ನೂ ಮರೆತಿರಲಿಲ್ಲ. ಅಂದಿನಿಂದ ಇಲಿಗಳನ್ನು ನೋಡಿಕೊಳ್ಳುವ ತಾಸ್ಕೋ ಅಣ್ಣನೇ ಮೊದಲು ಒಳಗೆ ಬರಬೇಕೆಂದು ಕಟ್ಟು ಮಾಡಿದ್ದಳು. ಅವನಿಗೆ ಎಪ್ಪತ್ತು ವರ್ಷ, ಒಂದು ದಿನ ಜ್ವರ ಬಂದಿದ್ದಿಲ್ಲ, ಅವನ ಮನೆಯ ಮೇಕೆಯೂ ಅವಳಿ ಹಾಕುತ್ತಿತ್ತು.

ಆ ಬೆಳಿಗ್ಗೆ ಏಳಕ್ಕೇ ಇಸ್ಕ್ರಾ ಬಾಗಿಲಿಗೆ ಬಂದಳು. ಮಂಜು ಎಂದರೆ, ಕೈ ಚಾಚಿದರೆ ಉಗುರು ಕಾಣದ ಮಂಜು. ಪರೀಕ್ಷೆ ಹತ್ತು ಗಂಟೆಗೆ. ಆದರೆ ಹೋಳು ಕತ್ತರಿಸಬೇಕು, ಕತ್ತರಿಸಿದ್ದು ಒಂದು ಗಂಟೆಗೂ ಮೇಲೆ ಉಪ್ಪುನೀರಿನಲ್ಲಿ ಸುಧಾರಿಸಿಕೊಳ್ಳಬೇಕು. ಎಂಟಕ್ಕೆ ಶುರುಮಾಡದಿದ್ದರೆ ಹತ್ತಕ್ಕೆ ಬದುಕಿದ ಕೋಶವಿಲ್ಲ. ಬಾಗಿಲು ಗೇಣಗಲ ತೆರೆಯಿತು. ಮೊದಲು ಪೊರಕೆ ಕಂಡಿತು, ಅದರ ಹಿಂದೆ ರುಸಾಲಿನಾ.

"ನಿಲ್ಲು ಅಲ್ಲೇ. ತಾಸ್ಕೋ ಬರ್ಲಿ."

"ಚಿಕ್ಕಮ್ಮ, ಎಂಟಕ್ಕೆ ನಾನು ಶುರು ಮಾಡ್ಬೇಕು. ಗೊತ್ತಲ್ಲ ನಿಮ್ಗೆ, ಇವತ್ತೇ ಕೊನೆ."

"ಗೊತ್ತು ಮಗಳೇ. ಪುಸ್ತಕ ನನ್ನ ಹತ್ರಾನೇ ಇದೆ. ನೀನು ಪಾಸಾಗ್ಲಿ ಅಂತ ಮೂರು ಮೇಣದಬತ್ತಿ ಹಚ್ಚಿದೀನಿ. ಆದ್ರೆ ಒಳಗೆ ಮಾತ್ರ ಬರ್ಬೇಡ."

"ನಾನೇನು ಹೊರಗಿನವಳಾ? ಮೂರು ವರ್ಷದಿಂದ ಇಲ್ಲೇ ಬಿದ್ದಿದೀನಿ."

ರುಸಾಲಿನಾ ಯೋಚಿಸಿದಳು. "ಸಂಬಳದ ಪಟ್ಟೀಲಿ ಇಲ್ಲ. ಮನೆಯವಳು ಅನ್ನೋಕಾಗಲ್ಲ. ಹೊರಗಿನವಳು ಅಂದ್ರೆ ನನ್ಗೇ ಸಂಕಟ ಆಗುತ್ತೆ. ತಾಸ್ಕೋ ಏಳೂವರೆಗೆ ಬರ್ತಾನೆ, ತಡ್ಕೋ" ಎಂದು ಬಾಗಿಲು ಹಾಕಿಕೊಂಡಳು.

ಏಳೂವರೆ ಆಯಿತು. ತಾಸ್ಕೋ ಇಲ್ಲ. ಇಸ್ಕ್ರಾ ಗೇಟಿನಿಂದ ಬಾಗಿಲಿಗೆ, ಬಾಗಿಲಿನಿಂದ ಗೇಟಿಗೆ ನಡೆದಳು. ಎಷ್ಟು ನಡೆದಳೆಂದರೆ ಅಲ್ಲೊಂದು ಕಾಲುದಾರಿಯೇ ಬಿತ್ತು. ನಿಂತರೆ ಮೊಣಕಾಲು ಕುಣಿಯುತ್ತಿತ್ತು. ಒಳಗೆ ನುಗ್ಗಿಬಿಡಲೇ ಎಂದು ಎರಡು ಸಲ ಹಿಡಿಕೆಗೆ ಕೈ ಹಾಕಿ ಎರಡು ಸಲ ತೆಗೆದಳು. ರುಸಾಲಿನಾಳ ಹೆದರಿಕೆ ಒಂದೇ ಆಗಿದ್ದರೆ ನುಗ್ಗುತ್ತಿದ್ದಳು. ತನ್ನ ಕಾಲು ಕೆಟ್ಟದ್ದು ಎಂದು ಅವಳೇ ನಂಬಿದ್ದಳು, ಅದು ತೊಂದರೆ. ಎರಡು ಕೋಶ ಅದೇ ಕಾಲಿಗೆ ಸತ್ತಿದ್ದನ್ನು ಕಣ್ಣಾರೆ ಕಂಡವಳಲ್ಲವೇ?

ಏಳೂ ಮುಕ್ಕಾಲಿಗೆ ಪ್ರೊಫೆಸರ್ ಕಲ್ಪಾಕ್ಚೀವ್ ಬಂದರು. "ಏನಿದು, ಇಲ್ಲಿ ನಿಂತಿದೀರಿ?" ಎಂದರು. ಅವಳು ಹೇಳಿದಳು.

"ಮೂಢನಂಬಿಕೆ. ನಾಚಿಕೆಯಾಗ್ಬೇಕು. ನಾವು ಮಿದುಳು ಓದೋ ಜನ."

"ಹಾಗಾದ್ರೆ ನೀವು ಮೊದಲು ಹೋಗಿ ಸರ್. ನಿಮ್ಮ ಹಿಂದೆ ನಾನು ಬರ್ತೀನಿ."

ಪ್ರೊಫೆಸರರು ತಮ್ಮ ಎಡಗಾಲನ್ನು ನೋಡಿಕೊಂಡರು. ಬಾಗಿಲನ್ನು ನೋಡಿದರು. "ಒಂದು ಸಿಗರೇಟು ಸೇದಿ ಹೋಗ್ತೀನಿ" ಎಂದರು. ಒಂದು ಮುಗಿಯುತ್ತಲೇ ಅದರ ಬೆಂಕಿಯಿಂದ ಇನ್ನೊಂದನ್ನು ಹಚ್ಚಿದರು. ವೈದ್ಯರು ಬಿಡಿಸಿ ನಾಲ್ಕು ವರ್ಷವಾಗಿತ್ತು ಆ ಸಿಗರೇಟು.

ಎಂಟಕ್ಕೆ ಐದು ನಿಮಿಷ. ಇಸ್ಕ್ರಾಳಿಗೆ ಇನ್ನು ತಡೆಯಲಾಗಲಿಲ್ಲ. ಅವಳಿಗೊಂದು ಯೋಚನೆ ಹೊಳೆಯಿತು: ಕಾಲ್ಗುಣದ ಮಾತೆಲ್ಲ ಹೊಸ್ತಿಲಿಗೆ ಸೇರಿದ್ದು, ಕಿಟಕಿಯ ಬಗ್ಗೆ ಯಾರೂ ಏನೂ ಹೇಳಿಲ್ಲ. ಕಟ್ಟಡದ ಹಿಂದೆ ನೆಲಮಟ್ಟದಲ್ಲಿ, ನೆಲಮಾಳಿಗೆಯ ಇಲಿಮನೆಯ ಸಣ್ಣ ಕಿಟಕಿ ಇತ್ತು, ಗಾಳಿಗೆಂದು ಯಾವಾಗಲೂ ತೆರೆದಿರುತ್ತಿತ್ತು. ಹಿಂದೆ ಹೋದಳು, ಕೋಟಿನ ಗುಂಡಿ ಹಾಕಿಕೊಂಡಳು, ಮೊದಲು ತಲೆ, ಆಮೇಲೆ ಸೊಂಟ, ಆಮೇಲೆ ಆ ಕಾಲು. ಧೊಪ್ಪೆಂದು ಬಿದ್ದದ್ದು ಮರದ ಹೊಟ್ಟಿನ ರಾಶಿಯ ಮೇಲೆ. ರಾಶಿ ಎದ್ದು ಕೂತಿತು.

"ಯಾರದು?" ಎಂದಿತು ರಾಶಿ.

ತಾಸ್ಕೋ ಅಣ್ಣ. ಹಿಂದಿನ ಸಂಜೆ ಇಲಿಮನೆಯ ಹೀಟರು ಕೆಟ್ಟಿತ್ತು, ಅಲ್ಲೊಂದು ತುಂಬು ಬಸುರಿ ಇಲಿ, ಬಿಟ್ಟುಹೋಗಲು ಮನಸ್ಸಾಗದೆ ಹೊಟ್ಟಿನೊಳಗೆ ಹೂತುಕೊಂಡು ಮಲಗಿದ್ದ. ಅವನ ನಿದ್ದೆ ಎಂಥದೆಂದರೆ ಭೂಕಂಪ ಬಂದು ಹೋದದ್ದನ್ನು ಪೇಪರಿನಲ್ಲಿ ಓದಿ ತಿಳಿದವನು.

"ಅಣ್ಣ, ನೀವು ಒಳಗೇ ಇದೀರಾ? ಹೊರಗೆ ಎಲ್ರೂ ನಿಮಗೆ ಕಾಯ್ತಿದಾರೆ. ಇವತ್ತು ಇಗ್ನಾತನ ಹಬ್ಬ."

ತಾಸ್ಕೋ ಮೀಸೆಯಲ್ಲಿನ ಹೊಟ್ಟು ಕೊಡವಿದ. ಅವಳನ್ನು ನೋಡಿದ, ಕಿಟಕಿಯನ್ನು ನೋಡಿದ. "ಹಾಗಾದ್ರೆ ಹೊರಗಿಂದ ಬಂದ ಮೊದಲನೆಯವಳು ನೀನೇ."

ಅವಳ ಮುಖ ಬಿಳಿಚಿತು. "ಕಿಟಕಿ ಲೆಕ್ಕಕ್ಕಿಲ್ಲ ಅಲ್ವಾ?"

"ಮನೆಯೊಳಗೆ ಬಂದ್ಯೋ ಇಲ್ವೋ? ನಮ್ಮೂರಲ್ಲಿ ಒಂದ್ಸಲ ಚಿಮಣಿಯಿಂದ ಬೆಕ್ಕು ಬಂತು. ಅದಕ್ಕೇ ಮಣೆ ಹಾಕಿದ್ರು."

"ಅಣ್ಣ, ಯಾರಿಗೂ ಹೇಳ್ಬೇಡಿ. ನೀವು ಹಿಂದಿನ ಬಾಗಿಲಿಂದ ಹೋಗಿ ಮುಂದಿನ ಬಾಗಿಲಿಂದ ಬನ್ನಿ. ನನ್ಗೆ ಒಂದು ಇಲಿ ಕೊಡಿ, ನಾನು ಕೆಲಸ ಶುರು ಮಾಡ್ಬೇಕು."

ತಾಸ್ಕೋ ಆಗಲೇ ಮೂಲೆಯ ಪಂಜರದ ಮುಂದೆ ಕೂತಿದ್ದ. "ಬಾ ಇಲ್ಲಿ" ಎಂದ. ಬಸುರಿ ಇಲಿ ಆಗಷ್ಟೇ ಹೆತ್ತಿತ್ತು. ಗುಲಾಬಿ ಬಣ್ಣದ, ಬೆರಳ ತುದಿಯಷ್ಟು ಹನ್ನೊಂದು ಮರಿ. "ನೀನು ಬಿದ್ದ ಸದ್ದಿಗೇ ಹೆತ್ತಳೋ, ಅದಕ್ಕೆ ಮುಂಚೆಯೋ, ದೇವರಿಗೇ ಗೊತ್ತು. ಮೊದಲ ಬಸುರು, ಅಂಜುಬುರುಕಿ. ಸ್ವಲ್ಪ ಗಲಾಟೆ ಆದ್ರೂ ಮರಿ ತಿಂದ್ಹಾಕ್ತಾಳೆ. ಹೊಸ್ತಿಲು ತುಳಿಯೋದು, ಒಲೆ ಕೆದಕೋದು ನಾನು ಮಾಡ್ತೀನಿ, ಸುಳ್ಳು ಅಂದ್ರೂ ಸರಿ. ಆದ್ರೆ ಅಲುಗದೆ ಕೂರೋದು ನಿನ್ನ ಪಾಲು. ಮೊದಲು ಬಂದವಳು ನೀನಲ್ವಾ, ಅದನ್ನ ನಾನು ಮಾಡಿದ್ರೆ ಈ ತಾಯಿಗೆ ತಾಗಲ್ಲ. ನೀನು ಅಲುಗಿದ್ರೆ ಇವಳೂ ಅಲುಗ್ತಾಳೆ. ತಿಳೀತಾ?"

"ಅಣ್ಣ, ನನ್ಗೆ ಅದೊಂದೇ ಬರಲ್ಲ."

"ಹನ್ನೊಂದು ಮರಿ" ಎಂದು ಹೇಳಿ, ಬೇರೆ ಪಂಜರದಿಂದ ಅವಳಿಗೊಂದು ಇಲಿ ಕೊಟ್ಟು, ಹಿಂದಿನ ಬಾಗಿಲಿನಿಂದ ಮಂಜಿನೊಳಗೆ ಹೋದ.

ಎರಡು ನಿಮಿಷದಲ್ಲಿ ಮುಂದಿನ ಬಾಗಿಲಿನಲ್ಲಿ ಗದ್ದಲ ಎದ್ದಿತು. ತಾಸ್ಕೋ ಬಲಗಾಲಿಟ್ಟು ಒಳಗೆ ಬಂದ. ರುಸಾಲಿನಾಳ ಕೋಣೆಯ ಕಬ್ಬಿಣದ ಒಲೆಯ ಮುಂದೆ ಮಂಡಿಯೂರಿ, ಓಕ್ ಕೋಲಿನಿಂದ ಕೆಂಡ ಕೆದಕಿದ. "ಎಷ್ಟು ಕಿಡಿ ಹಾರಿತೋ ಅಷ್ಟು ಇಲಿಮರಿ, ಅಷ್ಟು ಲೇಖನ, ಅಷ್ಟು ಆರೋಗ್ಯ, ಪ್ರೊಫೆಸರರ ಎಡಗಾಲಿಗೆ ಅದರ ಎರಡು ಪಟ್ಟು" ಎಂದ. ಪ್ರೊಫೆಸರರು ಮೂಢನಂಬಿಕೆ ಎಂದು ಗೊಣಗುತ್ತ ವರ್ಷದ ಶಕುನ ನೋಡಲು ಇಟ್ಟಿದ್ದ ಅಕ್ರೋಟೊಂದನ್ನು ಒಡೆದು ನೋಡಿದರು, ತಿರುಳು ಬೆಳ್ಳಗಿತ್ತು, ಒಳ್ಳೆಯ ಶಕುನ, ಜೇಬಿಗೆ ಹಾಕಿಕೊಂಡರು.

"ಇಸ್ಕ್ರಾ ಎಲ್ಲಿ?" ಎಂದಳು ರುಸಾಲಿನಾ.

"ನನ್ನ ಹಿಂದೇನೇ ಬಂದಿರ್ಬೇಕು" ಎಂದರು ಪ್ರೊಫೆಸರರು.

ರುಸಾಲಿನಾ ಮೆಟ್ಟಿಲ ಕಡೆ ನೋಡಿದಳು. ನೆಲಮಾಳಿಗೆಯಿಂದ ಎರಡನೆಯ ಮಹಡಿಯವರೆಗೆ ಪ್ರತಿ ಮೆಟ್ಟಿಲಿನ ಮೇಲೂ ಒಂದೊಂದು ಚಿಟಿಕೆ ಮರದ ಹೊಟ್ಟು. ಪೊರಕೆ ತೆಗೆದುಕೊಂಡು ಗುಡಿಸಿದಳು.

ಹತ್ತು ಗಂಟೆಗೆ ಪರೀಕ್ಷೆ ಶುರು. ಸೋಫಿಯಾದಿಂದ ಒಬ್ಬ ಪರೀಕ್ಷಕಿ ಬಂದಿದ್ದರು, ದೊಡ್ಡ ಕನ್ನಡಕ, ನಗು ಎಂಬುದನ್ನು ಮನೆಯಲ್ಲೇ ಬಿಟ್ಟು ಬಂದ ಮುಖ. ಅವರ ಕೈಯಲ್ಲಿ ಗಡಿಯಾರ. ಪಕ್ಕದಲ್ಲಿ ಪ್ರೊಫೆಸರರು. ಇಸ್ಕ್ರಾ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೋಶ ಹುಡುಕಿದಳು. ಮೊದಲನೆಯದು ಬಾಡಿತ್ತು. ಎರಡನೆಯದೂ ಬಾಡಿತ್ತು. ಮೂರನೆಯದು ದುಂಡಗೆ, ಅಂಚಿನಲ್ಲಿ ಹೊಳಪು. ಕೊಳವೆ ಇಳಿಸಿದಳು, ತಾಗಿತು, ಅಂಟಿತು. ಮೂಲೆಯ ಸ್ಪೀಕರಿನಿಂದ ಸದ್ದು ಬಂತು: ಚಟ್. ಚಟ್ ಚಟ್. ಒಣ ಸೌದೆಯಿಂದ ಕಿಡಿ ಹಾರುವ ಸದ್ದು.

"ಸಮಯ ಶುರು" ಎಂದರು ಕನ್ನಡಕದವರು.

ಒಂದು ನಿಮಿಷ. ಮೊಣಕಾಲಿನೊಳಗೆ ಇರುವೆ ಹರಿದಂತಾಯಿತು. ಅವಳು ಹಿಂದೆಲ್ಲ "ನಿಲ್ಲು, ನಿಲ್ಲು" ಎಂದು ಕಾಲಿಗೆ ಹೇಳಿಕೊಳ್ಳುತ್ತಿದ್ದಳು. ಹೇಳಿದಷ್ಟೂ ಅದು ಕುಣಿಯುತ್ತಿತ್ತು. ಈಗ ಕಾಲಿನ ನೆನಪನ್ನೇ ಬಿಟ್ಟು ಕೆಳಗಿನ ಮೂಲೆಯ ಪಂಜರಕ್ಕೆ ಹೋದಳು. ಅಲ್ಲಿ ಒಬ್ಬ ಅಂಜುಬುರುಕಿ ಕಿವಿ ನಿಮಿರಿಸಿ ಕೂತಿದ್ದಾಳೆ. ನಾನು ಅಲುಗಿದರೆ ಅವಳಿಗೆ ಕೇಳುತ್ತದೆ. ಮರಿಗಳನ್ನು ಒಂದೊಂದಾಗಿ ಎಣಿಸಿದಳು. ಹನ್ನೊಂದಾಯಿತು. ಮತ್ತೆ ಮೊದಲಿನಿಂದ.

ಮೂರು ನಿಮಿಷ. ಕಳೆದ ಸಲ ಸತ್ತದ್ದು ಇಲ್ಲಿಯೇ. ಚಟ್ ಚಟ್. ಐದು. ಬೆವರಿನ ಹನಿಯೊಂದು ಹಣೆಯಿಂದ ಮೂಗಿಗೆ ಇಳಿದು ತುದಿಯಲ್ಲಿ ನಿಂತಿತು. ಅದು ಕೂಡ ಅಲುಗಲಿಲ್ಲ. ಏಳನೆಯ ನಿಮಿಷಕ್ಕೆ ಕಲ್ಲಿನ ಹಲಗೆ ಸಣ್ಣಗೆ ಅದುರಿತು. ಸ್ಪೀಕರು ಗೊರಗೊರ ಎಂದಿತು. ಸ್ತಾಮೆನ್‌ನ ಬಸ್ಸು ಕಂದಕಕ್ಕೆ ಇಳಿದರೂ ಆಗದ ಗಾಬರಿ ಅವಳಿಗಾಯಿತು. ಆದರೆ ಕುಣಿಯುತ್ತಿದ್ದದ್ದು ಅವಳ ಕಾಲಲ್ಲ. ಪ್ರೊಫೆಸರ್ ಕಲ್ಪಾಕ್ಚೀವರ ಎಡಗಾಲು, ಮುರಿದು ಕೂಡಿದ್ದು, ತನ್ನಷ್ಟಕ್ಕೆ ತಾನೇ ತಾಳ ಹಾಕುತ್ತಿತ್ತು.

ಕನ್ನಡಕದವರು ಗಡಿಯಾರದಿಂದ ಕಣ್ಣು ತೆಗೆಯದೆ, ಇನ್ನೊಂದು ಕೈಯನ್ನು ಪ್ರೊಫೆಸರರ ಮೊಣಕಾಲ ಮೇಲಿಟ್ಟು, ಕೆಳಕ್ಕೆ ಒತ್ತಿದರು. "ಪ್ರೊಫೆಸರ್, ಕಾಲು" ಎಂದರು, ಅಷ್ಟೇ. ಆಮೇಲೆ ಹತ್ತೂ ಮುಗಿಯುವವರೆಗೆ ಕೈ ಎತ್ತಲಿಲ್ಲ.

"ಹತ್ತು."

ಕೋಶ ಇನ್ನೂ ಮಿಡಿಯುತ್ತಿತ್ತು. "ಸಾಕು, ತೆಗೀರಿ" ಎಂದರು ಪ್ರೊಫೆಸರರು. ಇಸ್ಕ್ರಾ ತೆಗೆಯಲಿಲ್ಲ. ಹದಿನಾಲ್ಕು ವರ್ಷ ಗುಡ್ಡದ ಮೇಲಿಂದ ಸಂತೆ ಕೇಳಿದವಳು ಒಬ್ಬನ ಮಾತನ್ನು ಕೇಳುತ್ತಿದ್ದಳು. ಹನ್ನೆರಡು ನಿಮಿಷ, ಹದಿನೈದು. ಪರೀಕ್ಷಕಿ ಸಹಿ ಹಾಕಿ, ಹಾಳೆಯನ್ನು ಪ್ರೊಫೆಸರರಿಗೆ ದಾಟಿಸಿ, ತಾವೂ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕೇಳುತ್ತ ಕೂತರು. ಕೋಶ ತಾನಾಗಿ ನಿಂತದ್ದು ಇಪ್ಪತ್ತಮೂರನೆಯ ನಿಮಿಷಕ್ಕೆ. ಆಗ ಇಸ್ಕ್ರಾ ಎದ್ದಳು. ಕಾಲಿಗೆ ಜೋಮು ಹಿಡಿದಿತ್ತು, ಇಡೀ ಆಯುಷ್ಯದಲ್ಲಿ ಮೊದಲ ಸಲ. ನೇರ ಪ್ರೊಫೆಸರರ ಮೇಲೆ ಬಿದ್ದಳು.

"ಎಡಗಾಲು, ಮೇಡಂ ಬೆಲ್ಚೆವಾ, ಎಡಗಾಲು" ಎಂದರು ಅವರು.

ಹಾಳೆ ಹಿಡಿದು ಕೆಳಗಿಳಿದಾಗ ರುಸಾಲಿನಾ ಪುಸ್ತಕ ತೆರೆದೇ ಕೂತಿದ್ದಳು. ಹನ್ನೆರಡನೆಯ ಪಾಠದ ಮುಂದೆ ದಿನಾಂಕ ಬರೆದಳು, ಮುದ್ರೆ ಒತ್ತಿದಳು, ಮಸಿ ಆರಲು ಊದಿದಳು. ತಾಸ್ಕೋ ಒಲೆಯ ಪಕ್ಕದ ಮಣೆಯ ಮೇಲೆ ಕೂತು, ಹಣ್ಣಿನ ಸಾರಾಯಿ ರಾಕಿಯಾದ ಬಟ್ಟಲು ಹಿಡಿದು, ಇಸ್ಕ್ರಾಳ ಕಡೆ ನೋಡಿ ಎರಡು ಕೈಯ ಬೆರಳೆಲ್ಲ ಬಿಡಿಸಿ ತೋರಿಸಿದ, ಆಮೇಲೆ ಇನ್ನೊಂದು ಬೆರಳು. ಹನ್ನೊಂದೂ ಇವೆ.

ಪೊಲಾಜ್ನಿಕ್‌ಗೆ ಮನೆಯವರು ಉಡುಗೊರೆ ಕೊಡಬೇಕು. ರುಸಾಲಿನಾ ಪ್ರತಿ ವರ್ಷ ಉಣ್ಣೆಯ ಕಾಲುಚೀಲ ಹೆಣೆದು ತಾಸ್ಕೋಗೆ ಕೊಡುತ್ತಿದ್ದಳು. ಕಪಾಟು ತೆಗೆದಳು, ಕೆಂಪು ಗೆರೆಯ ಜೊತೆಯೊಂದನ್ನು ಹೊರಗೆ ತಂದಳು. ಒಂದನ್ನು ತಾಸ್ಕೋನ ಮಡಿಲಿಗೆ ಹಾಕಿದಳು. ಇನ್ನೊಂದನ್ನು ಇಸ್ಕ್ರಾಳ ಕೈಗೆ ಕೊಟ್ಟಳು.

"ಒಂದೇ ಯಾಕೆ ಚಿಕ್ಕಮ್ಮ?" ಎಂದಳು ಇಸ್ಕ್ರಾ, ಏನೂ ಅರಿಯದವಳ ಹಾಗೆ.

"ಬಾಗಿಲಿಂದ ಬಂದವನಿಗೆ ಒಂದು" ಎಂದು ಹೇಳಿ ರುಸಾಲಿನಾ ಪುಸ್ತಕ ಮುಚ್ಚಿದಳು. "ಬಲಗಾಲಿಗೆ ಹಾಕ್ಕೋ. ಬೆಚ್ಚಗಿದ್ರೆ ಸುಮ್ನಿರುತ್ತೆ."

ಆ ವರ್ಷ ಇಲಿಮನೆಯಲ್ಲಿ ಮೂರು ಸಾವಿರ ಮರಿ ಹುಟ್ಟಿತು. ಹುಬ್ಬು ಹಾರಿಸಬೇಡ. ಎರಡು ಸಾವಿರ. ಸರಿ, ಪಂಜರ ಸಾಲದೆ ಪ್ರೊಫೆಸರರ ಮೇಜಿನ ಖಾನೆಯಲ್ಲೂ ಇಟ್ಟಿದ್ದರು ಎಂಬುದನ್ನಾದರೂ ಒಪ್ಪುತ್ತೀಯೋ ಇಲ್ಲವೋ? ಅವರು ಪೆನ್ನು ತೆಗೆಯಲು ಖಾನೆ ಎಳೆದಾಗ ಏನಾಯಿತು ಎಂದರೆ—

"ಅಜ್ಜ, ಬೀನ್ಸ್ ಸಾರು ಆರಿ ಹೋಗ್ತಿದೆ, ಬರ್ತೀಯೋ ಇಲ್ವೋ?"

ಅಗೋ, ಅಡುಗೆಮನೆಯಿಂದ ಕರೆ. ಬಂದೆ, ಬಂದೆ. ಆ ಕಾಲು ಕುಣಿಸುವುದನ್ನು ನಿಲ್ಲಿಸಿ ನೀನೂ ಏಳು.